ಸೂರಿನ ತೂತಿನಲ್ಲಿ ಕಂಡ ನಕ್ಷತ್ರ

"ನಾಳೆಯಿಂದ ನನ್ನ ಕ್ಲಾಸಿನಲ್ಲಿ ಕಾಪಿ ಬಂದ್!"

ಭಾನುವಾರ ಬೆಳಗ್ಗೆ ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಮೇಷ್ಟ್ರು ಹೀಗೆ ಘೋಷಿಸಿದರು.

"ಕಾಫಿ ಬಂದಾ? ಹಾಗೇ ಮನೇಲೂ ಬಂದ್ ಮಾಡಿ, ಹಾಲು ಉಳಿಯುತ್ತೆ," ಎಂದಳು ಹೆಂಡತಿ, ಓದುತ್ತಿದ್ದ ಪತ್ರಿಕೆಯಿಂದ ತಲೆ ಎತ್ತದೆ.

"ಕಾಫಿ ಅಲ್ಲ ಕಣೇ, ಕಾಪಿ! ನಕಲು!"

ಏಳನೇ ಕ್ಲಾಸಿಗೆ ವಿಜ್ಞಾನ ಹೇಳುವ ಈ ಮೇಷ್ಟ್ರ ಸಿಟ್ಟಿಗೆ ಕಾರಣವಿತ್ತು. ಹೋದ ವಾರ ಪ್ರಬಂಧ ಬರೆದು ತನ್ನಿ ಎಂದರೆ ಮೂವತ್ತನಾಲ್ಕು ಮಕ್ಕಳೂ ಇಂಟರ್ನೆಟ್ಟಿನ ಒಂದೇ ಪುಟವನ್ನು ಇಳಿಸಿಕೊಂಡು ಬಂದಿದ್ದರು. ಒಬ್ಬಳಂತೂ "ಮುಂದೆ ಓದಲು ಇಲ್ಲಿ ಒತ್ತಿ" ಎಂಬುದನ್ನೂ ಮುದ್ದಾದ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು! ಹಾಗಾಗಿ ಈ ಮಹಾಯೋಜನೆ. ಪ್ರತಿಯೊಬ್ಬರೂ ಒಬ್ಬ ಬಾಹ್ಯಾಕಾಶ ವಿಜ್ಞಾನಿಯನ್ನು ಆರಿಸಿಕೊಂಡು, ಮೂರು ಕಡೆ ಹುಡುಕಿ, ತಾಳೆ ನೋಡಿ, ಸ್ವಂತ ಮಾತಿನಲ್ಲಿ ಬರೆಯಬೇಕು. ಮಾದರಿಗೆಂದು ಮೇಷ್ಟ್ರೇ ಒಂದು ಪ್ರಬಂಧ ಬರೆದು ತೋರಿಸುವರು!

ಅವರು ಆರಿಸಿಕೊಂಡದ್ದು ಉಪಗ್ರಹಗಳನ್ನು ಮೇಲಕ್ಕೆ ಕಳಿಸಿ, ಈಗ ನಿವೃತ್ತರಾಗಿರುವ ಒಬ್ಬ ಹಿರಿಯ ಮಹಿಳಾ ವಿಜ್ಞಾನಿಯನ್ನು. ಗ್ರಂಥಾಲಯದಲ್ಲಿ ಕೆಲಸ ಮಾಡುವ ಹೆಂಡತಿ ಎರಡು ಪುಸ್ತಕ ತಂದುಕೊಟ್ಟಿದ್ದಳು. ಮೇಷ್ಟ್ರು ಅವುಗಳ ಮುಖಪುಟವನ್ನು ಗೌರವದಿಂದ ನೋಡಿ ಬದಿಗಿಟ್ಟರು. ಹುಟ್ಟಿದರು, ಓದಿದರು, ಕೆಲಸಕ್ಕೆ ಸೇರಿದರು ಎಂದು ಬರೆದು ನೋಡಿದರೆ ಪ್ರಬಂಧ ಪಡಿತರ ಚೀಟಿಯಂತೆ ಕಂಡಿತು. ಸ್ವಲ್ಪ ಒಗ್ಗರಣೆ ಬೇಡವೇ? ಲೇಖನಿ ತಾನಾಗಿಯೇ ಓಡಿತು: "ಬಡ ಮನೆಯ ಸೂರಿನ ತೂತಿನಿಂದ ಇಣುಕುತ್ತಿದ್ದ ಒಂಟಿ ನಕ್ಷತ್ರವೇ ಆ ಪುಟ್ಟ ಬಾಲಕಿಯ ಮೊದಲ ಗುರು!"

ಹೆಂಡತಿ ಓದಿ ಹುಬ್ಬೇರಿಸಿದಳು. "ರೀ, ಈ ತೂತು ಎಲ್ಲಿ ಸಿಕ್ತು?"

"ಎಲ್ಲೋ ಓದಿದ ನೆನಪು."

"ಇಪ್ಪತ್ತು ವರ್ಷದಿಂದ ಗ್ರಂಥಾಲಯದಲ್ಲಿದ್ದೀನಿ. 'ಎಲ್ಲೋ' ಅನ್ನೋ ಪುಸ್ತಕ ಇನ್ನೂ ಬಂದಿಲ್ಲ."

"ಭಾವ ನೋಡು ಭಾವ! ಮಕ್ಕಳ ಮನಸ್ಸಿಗೆ ನಾಟಬೇಕು!"

ನಾಟಿತು. ಎಷ್ಟು ಆಳಕ್ಕೆ ನಾಟಿತೆಂದರೆ, ಮುಂದಿನ ವಾರ ಬಂದ ಮೂವತ್ತಮೂರು ಪ್ರಬಂಧಗಳಲ್ಲಿ ಮೂವತ್ತಮೂರು ವಿಜ್ಞಾನಿಗಳ ಸೂರೂ ತೂತಾಗಿತ್ತು! ಒಬ್ಬರ ಮನೆಯ ತೂತು ತಟ್ಟೆಯಗಲ, ಇನ್ನೊಬ್ಬರದರಲ್ಲಿ ಚಂದ್ರನೇ ಇಡಿಯಾಗಿ ತೂರುವಷ್ಟು. ಇನ್ನೂರು ವರ್ಷ ಹಿಂದೆ ಅರಮನೆಯಲ್ಲಿ ಹುಟ್ಟಿದ ಖಗೋಳತಜ್ಞನಿಗೂ ಬಿಡುಗಡೆಯಿರಲಿಲ್ಲ. ಎಲ್ಲರ ಕೊನೆಯಲ್ಲೂ ಒಂದೇ ಸಾಲು: "ಆಧಾರ: ನಮ್ಮ ಸಾರ್." ಅಷ್ಟು ಸಾಲದೆಂಬಂತೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು, "ನನ್ನ ಮಗಳು ಗಾರೆಯವರನ್ನ ಕರೆಸಿ ತಾರಸಿ ಕೊರೆಸು ಅಂತ ಊಟ ಬಿಟ್ಟಿದ್ದಾಳೆ. ಏನು ಹೇಳಿಕೊಟ್ರಿ ಸಾರ್?" ಎಂದು ಕೇಳಿದರು.

ಪ್ರಬಂಧ ಕೊಡದೆ ಉಳಿದವಳು ಒಬ್ಬಳೇ. ಮಾತೆತ್ತಿದರೆ "ಯಾಕೆ? ಹೇಗೆ?" ಎನ್ನುವ ಅವಳಿಗೆ ಕ್ಲಾಸಿಡೀ ಇಟ್ಟ ಹೆಸರು ಪ್ರಶ್ನೆಚಿಹ್ನೆ.

"ಎಲ್ಲಮ್ಮಾ ನಿನ್ನದು?"

"ನೀವು ಬರೆದ ವಿಜ್ಞಾನಿಯನ್ನೇ ನಾನೂ ತಗೊಂಡೆ ಸಾರ್. ಮೂರು ಪುಸ್ತಕ ನೋಡಿದೆ, ಒಂದ್ರಲ್ಲೂ ತೂತಿಲ್ಲ. ಅದಕ್ಕೇ ಅವರನ್ನೇ ಕೇಳಿಬಿಟ್ಟೆ. ಅವರು ಮೊದಲು ಕೆಲಸ ಮಾಡ್ತಿದ್ದ ಕಡೆಗೆ ಕಾಗದ ಬರೆದು, ನಿಮ್ಮ ಹೆಸರು ಹಾಕದೆ ಪ್ರಬಂಧನೂ ಜೊತೇಲಿಟ್ಟು, ಸ್ಕೂಲಿನ ನಂಬರ್ ಕೊಟ್ಟಿದ್ದೀನಿ."

ಮೇಷ್ಟ್ರು ಕೈಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ದೊಡ್ಡವರು, ಕೆಲಸದ ಒತ್ತಡ, ಯಾರು ತಾನೇ ಉತ್ತರ ಕೊಡುತ್ತಾರೆ ಎಂದು ಸಮಾಧಾನ ಮಾಡಿಕೊಂಡರು. ನಿವೃತ್ತರಿಗೆ ಬಿಡುವೇ ಬಿಡುವು ಎಂಬುದು ಹೊಳೆಯಲಿಲ್ಲ!

ಮುಂದಿನ ವಾರದ ಗುರುವಾರ ಮೂರನೇ ಪೀರಿಯಡ್ಡಿನಲ್ಲಿ ಹೆಡ್‌ಮಿಸ್ ಓಡೋಡಿ ಬಂದರು. "ನೋಡಿ, ಯಾರು ಫೋನ್ ಮಾಡಿದ್ದಾರೆ!" ಎಂದು ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೇಬಿಟ್ಟರು.

"ಮಕ್ಕಳೇ," ಎಂದಿತು ಒಂದು ವಯಸ್ಸಾದ, ಗಟ್ಟಿ ದನಿ. "ನಿಮ್ಮ ಕಾಗದ ಓದಿದೆ. ನಾವಿದ್ದದ್ದು ಮೂರು ಮಹಡಿ ಕಟ್ಟಡದ ಕೆಳಗಿನ ಮನೇಲಿ. ಸೂರಿಗೆ ತೂತು ಬಿದ್ದಿದ್ರೆ ಕಾಣ್ತಿದ್ದದ್ದು ಮೇಲಿನ ಮನೆಯವರ ಮಂಚದ ಕಾಲು! ಇದನ್ನ ನನ್ನನ್ನೇ ಕೇಳಿ ಬರೆದವಳು ಜಾಣೆ. ಅದಿರಲಿ, ಆ ನಕ್ಷತ್ರದ ಪ್ರಬಂಧ ಬರೆದವರು ಯಾರು?"

ಅರವತ್ತೆಂಟು ಕಣ್ಣುಗಳು ಮೇಷ್ಟ್ರ ಮೇಲೆ. ನಗುತ್ತಿದ್ದವರು ಯಾರೂ ಇರಲಿಲ್ಲ. ಸಾರ್ ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು, ಅಷ್ಟೇ. ಲೈನ್ ಸರಿಯಿಲ್ಲ ಎಂದು ಫೋನ್ ಕತ್ತರಿಸಿದರೆ? ಕೈ ಅತ್ತ ಹೋಯಿತು, ಅರ್ಧಕ್ಕೇ ನಿಂತಿತು.

"ನಾನೇ ಬರೆದದ್ದು, ಮೇಡಂ. ಕಟ್ಟಿ ಬರೆದೆ. ತಪ್ಪಾಯ್ತು." ಭಯಕ್ಕೆ ಅವರ ದನಿ ಕೀರಲಾಗಿತ್ತು.

ಆ ಕಡೆಯ ದನಿ ಕರಗಿತು. "ಒಪ್ಪಿಕೊಂಡ್ಯಲ್ಲ, ಜಾಣ ಮರಿ. ಯಾವ ಕ್ಲಾಸು ನೀನು?"

"ಏ... ಏಳನೇ ಕ್ಲಾಸು, ಮೇಡಂ."

"ಪರವಾಗಿಲ್ಲ ಕಂದಾ, ಇನ್ನೂ ಚಿಕ್ಕೋನು. ನಿಮ್ಮ ಮೇಷ್ಟ್ರು ತಿದ್ದುತ್ತಾರೆ."

"ಮೇಡಂ, ಅದೂ... ನಾನೇ ಮೇಷ್ಟ್ರು."



"ಛೆ! ಹಾಗಾದ್ರೆ ನಿಮ್ಮನ್ನ ಫೇಲ್ ಮಾಡೋಕೂ ಆಗಲ್ವಲ್ರೀ!"