ಎಡಗಡೆ ಮೇಲಿನ ಚೌಕ

ಟೈಲ್ಸ್ ಕೂರಿಸುವವನಿಗೆ ಖಾಲಿ ಚೌಕ ಕಂಡರೆ ಕೈ ಸುಮ್ಮನಿರುವುದಿಲ್ಲ. ಬಾಗಿಲಿಗೆ ಬೆನ್ನು ಹಾಕು, ದೂರದ ಎಡ ಮೂಲೆಯಿಂದ ಶುರು ಮಾಡು ಎಂದು ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳಿಕೊಟ್ಟಿದ್ದ. ಇಪ್ಪತ್ತು ವರ್ಷ ಅವನು ಅದನ್ನು ಮೀರಿದವನಲ್ಲ. ಕಾಗದವನ್ನು ಮುಂದಿಟ್ಟರೂ ಅವನಿಗೆ ಅದು ನೆಲದ ಹಾಗೇ ಕಾಣುತ್ತಿತ್ತು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ.

ಅವನನ್ನು ಎಲ್ಲರೂ ರಸಮಟ್ಟ ಎಂದೇ ಕರೆಯುತ್ತಿದ್ದರು. ನೆಲ ಸಮ ಇದೆಯೋ ಇಲ್ಲವೋ ನೋಡುವ ಆ ಗುಳ್ಳೆ ಕೊಳವೆ ಅವನ ಜೇಬು ಬಿಟ್ಟು ಇಳಿದದ್ದಿಲ್ಲ. ಹೋಟೆಲಿಗೆ ಹೋದರೂ ಅದನ್ನು ಮೇಜಿನ ಮೇಲಿಟ್ಟು, ಗುಳ್ಳೆ ನಡುವೆ ನಿಂತ ಮೇಲೆ ಲೋಟ ಇಡುವನು. ಮಾತೂ ಹಾಗೇ, ಒಂದು ಕೂದಲೆಳೆ ಆಚೀಚೆ ಇಲ್ಲ. ಸುಳ್ಳು ಹೇಳಬೇಕಾಗಿ ಬಂದರೆ ಬಿಕ್ಕಳಿಕೆ ಬಂದುಬಿಡುತ್ತಿತ್ತು.

ನಲವತ್ತು ದಾಟಿದ ಮೇಲೆ ಅವನನ್ನು ಒಪ್ಪಿದವಳು ಒಬ್ಬ ನರ್ಸಮ್ಮ. ಅವಳಿಗೆ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ ಒಂದು ಮನೆ ಮಂಜೂರಾಗಿತ್ತು. ಆದರೆ ಅದು ಮದುವೆಯಾದವರಿಗೆ ಮಾತ್ರ. ನೋಂದಣಿಗೆ ಹೊರಟ ದಿನವೇ ಸಂಜೆ ಐದರೊಳಗೆ ಮದುವೆ ಪತ್ರ ಕೊಡದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತಿತ್ತು. ಮನೆಯಿಲ್ಲದೆ ಮದುವೆ ಬೇಡ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ಅವನ ಬಾಡಿಗೆ ಕೋಣೆಯಲ್ಲಿ ಸಿಮೆಂಟು ಚೀಲಗಳಿಗೇ ಜಾಗ ಸಾಲದು.

ಬೆಳಗ್ಗೆ ಹತ್ತಕ್ಕೆ ಇಬ್ಬರೂ ನೋಂದಣಿ ಕಚೇರಿಗೆ ಬಂದರು. ಸಾಕ್ಷಿಗೆ ಇಬ್ಬರು ಜೊತೆಗಿದ್ದರು. ಒಬ್ಬ ಅವನ ಹಳೆಯ ಗೆಳೆಯ, ವ್ಯಾನ್ ಡ್ರೈವರು. ಇನ್ನೊಬ್ಬಳು ಕೆಳಗಿನ ಮನೆಯ ಅಜ್ಜಿ. ಅವಳನ್ನು ಯಾರೂ ಕರೆದಿರಲಿಲ್ಲ. ಬೀದಿಯಲ್ಲಿ ಏನೇ ನಡೆದರೂ ಚೀಲ ಹಿಡಿದು ಹೊರಡುವುದು ಅವಳ ಅಭ್ಯಾಸ.

ಗುಮಾಸ್ತ ದಪ್ಪ ಪುಸ್ತಕ ತೆಗೆದು ಬೆರಳಾಡಿಸುತ್ತ ಬಂದವನು ಒಂದು ಕಡೆ ನಿಂತು ರಸಮಟ್ಟನನ್ನು ನೋಡಿದ.

"ನಿಮ್ಗೆ ಆಗ್ಲೇ ಮದುವೆ ಆಗಿದೆಯಲ್ಲ. ಮೂರು ವರ್ಷ ಆಯ್ತು."

ನರ್ಸಮ್ಮ ಗದ್ದಲ ಮಾಡುವವಳಲ್ಲ. ಜ್ವರ ಎಷ್ಟಿದೆ ಎಂದು ಕೇಳುವ ದನಿಯಲ್ಲೇ ಕೇಳಿದಳು, "ಯಾರ ಜೊತೆ?"

ಗುಮಾಸ್ತ ಪುಸ್ತಕ ತಿರುಗಿಸಿದ. ರಸಮಟ್ಟನ ಹೆಗಲ ಮೇಲಿಂದ ಬಗ್ಗಿ ನೋಡಿದ ಡ್ರೈವರು ಮೆಲ್ಲಗೆ ಹೇಳಿದ, "ಇದು ನನ್ನ ಹೆಂಡ್ತಿ ಸಹಿ ಕಣೋ."

ನೆನಪು ಮಾಡಿಕೊಂಡಾಗ ಎಲ್ಲ ಬಿಚ್ಚಿಕೊಂಡಿತು. ಆ ಕಾಗದದಲ್ಲಿ ನಾಲ್ಕು ಚೌಕ. ಮೇಲೆ ಎಡಕ್ಕೆ ಗಂಡು, ಬಲಕ್ಕೆ ಹೆಣ್ಣು, ಕೆಳಗೆ ಇಬ್ಬರು ಸಾಕ್ಷಿಗಳು. ಎಲ್ಲಿ ಹೋದರೂ ವ್ಯಾನನ್ನು ಗೇಟಿಗೆ ಅಡ್ಡ ನಿಲ್ಲಿಸುವುದು ಡ್ರೈವರನ ಚಾಳಿ. ತನ್ನ ಮದುವೆಯ ದಿನವೂ ಯಾರೋ ಕೂಗಿದರೆಂದು ಅದನ್ನು ತೆಗೆಯಲು ಓಡಿದ್ದ. ಅಷ್ಟರಲ್ಲಿ ಸಾಕ್ಷಿಗೆ ಬಂದ ರಸಮಟ್ಟ ಪೆನ್ನು ಹಿಡಿದು ಎಡ ಮೂಲೆಯಿಂದ ಕೆಲಸ ಶುರು ಮಾಡಿಬಿಟ್ಟಿದ್ದ. ತಿರುಗಿ ಬಂದ ಡ್ರೈವರು ಖಾಲಿ ಉಳಿದಲ್ಲಿ ಸಹಿ ಹಾಕಿದ್ದ. ಹೀಗೆ ಮೂರು ವರ್ಷದಿಂದ ಅವನು ತನ್ನ ಮದುವೆಗೆ ತಾನೇ ಸಾಕ್ಷಿ.

"ಪಾಪ, ಆ ಹುಡುಗೀನ ಇಷ್ಟು ದಿನ ಬೇರೆಯವರ ಮನೇಲಿ ಬಿಟ್ಟಿದ್ದೀಯಲ್ಲಪ್ಪ," ಎಂದಳು ಅಜ್ಜಿ.

ಬರೆದದ್ದನ್ನು ತಾನು ಹೊಡೆದುಹಾಕುವಂತಿಲ್ಲ, ಮದುವೆಯನ್ನೇ ರದ್ದು ಮಾಡಿಸಬೇಕು ಎಂದ ಗುಮಾಸ್ತ. ಅದಕ್ಕೆ ಅಧಿಕಾರಿ ಮೇಡಂ ಮಹಡಿಯ ಮೇಲೆ ಕೂರುತ್ತಾರೆ. ನಾಳೆಯಿಂದ ಅವರು ರಜೆ. ಏನಿದ್ದರೂ ಇವತ್ತೇ, ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದ.

"ಯಾರ ಹೆಂಡತಿ?" ಎಂದು ಗಂಡಸರಿಬ್ಬರೂ ಒಟ್ಟಿಗೇ ಕೇಳಿದರು.

ಡ್ರೈವರನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಎಲ್ಲ ಕೇಳಿದಳು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ ಡ್ರೈವರನನ್ನು ಮೇಲಿಂದ ಕೆಳಗೆ ನೋಡಿದಳು.

"ಹಂಗಾದ್ರೆ ಈ ಮನುಷ್ಯ ನಂಗೆ ಏನಾಗ್ಬೇಕು?"

ಕಿಟಕಿಯ ಚಿಲಕ ಹಾಕಿಕೊಡಿ ಎಂದು ಮೂರು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ, ಗಂಡ ಎಂದು ಸುಮ್ಮನಿದ್ದೆ, ಈಗ ಆ ದಾಕ್ಷಿಣ್ಯವೂ ಇಲ್ಲ, ಚಿಲಕ ಕೂತ ಮೇಲೆ ಹೊರಡುತ್ತೇನೆ ಎಂದು ಮತ್ತೆ ಮಷಿನ್ ತುಳಿಯತೊಡಗಿದಳು. ಡ್ರೈವರು ಚಿಲಕ ತಂದ, ಹೆಬ್ಬೆರಳಿಗೆ ಸುತ್ತಿಗೆಯಲ್ಲಿ ಹೊಡೆದುಕೊಂಡ, ಅಂತೂ ಕೂರಿಸಿದ. ರಸಮಟ್ಟ ಜೇಬಿನಿಂದ ಕೊಳವೆ ತೆಗೆದು ಚಿಲಕದ ಮೇಲಿಟ್ಟು, ಎಡಕ್ಕೆ ಸ್ವಲ್ಪ ಇಳಿದಿದೆ ಎಂದ. ಬಿಚ್ಚಿ ಇನ್ನೊಮ್ಮೆ ಕೂರಿಸುವ ಹೊತ್ತಿಗೆ ಮಧ್ಯಾಹ್ನ ಎರಡಾಯಿತು.

ಅಧಿಕಾರಿ ಮೇಡಂ ಗಂಡ ಹೆಂಡತಿ ಇಬ್ಬರನ್ನೂ, ಅಂದರೆ ಕಾಗದದ ಗಂಡ ಹೆಂಡತಿಯನ್ನು, ಎದುರು ನಿಲ್ಲಿಸಿಕೊಂಡರು. ಒಂದೇ ಪ್ರಶ್ನೆ ಇರುವುದು ಎಂದರು.

"ನೀವಿಬ್ರೂ ಒಂದು ದಿನವಾದ್ರೂ ಒಂದೇ ಮನೇಲಿ ಇದ್ದಿದ್ದುಂಟಾ?"

ಹೊಲಿಗೆಯವಳು ಇಲ್ಲ ಎಂದಳು. ರಸಮಟ್ಟನೂ ಇಲ್ಲ ಎನ್ನಲು ಬಾಯಿ ತೆರೆದ. ಬಿಕ್ಕಳಿಕೆ ಬಂತು.

"ಹನ್ನೊಂದು ದಿನ ಇದ್ದೆ, ಮೇಡಂ."

ಮೇಡಂ ಪೆನ್ನು ನಿಂತಿತು. "ಊಟ?"

"ಅವರೇ ಬಡಿಸ್ತಿದ್ರು. ಚೆನ್ನಾಗಿತ್ತು."

"ಬಚ್ಚಲಿಗೆ ಟೈಲ್ಸ್ ಹಾಕೋಕೆ ಬಂದಿದ್ದ, ಮೇಡಂ," ಎಂದ ಡ್ರೈವರು ಬಾಗಿಲಿಂದಲೇ.

"ನೀವ್ಯಾರು?"

"ನಾನು ಗಂಡ."

"ಗಂಡ ಇವರಲ್ವಾ?"

"ಇವನೂ ಹೌದು," ಎಂದ ಡ್ರೈವರು.

ನರ್ಸಮ್ಮ ಗಡಿಯಾರ ನೋಡಿದಳು. ಮೇಡಂ ಫೈಲು ಮುಚ್ಚುವುದರಲ್ಲಿದ್ದರು. ಹೊಲಿಗೆಯವಳು ತಾಳ್ಮೆ ತಪ್ಪಿ ರಸಮಟ್ಟನ ಕಡೆ ತಿರುಗಿದಳು. "ಅಣ್ಣಾ, ಇನ್ನು ನೀನು ಬಾಯಿ ಬಿಟ್ರೆ ಸೂಜೀಲಿ ಹೊಲಿದುಬಿಡ್ತೀನಿ."

ಮೇಡಂ ತಲೆಯೆತ್ತಿದರು. ಏನಂದಿರಿ ಎಂದು ಕೇಳಿದರು. ಅಣ್ಣ ಎಂದೆ, ಮೊದಲಿನಿಂದಲೂ ಹಾಗೇ ಕರೆಯುವುದು ಎಂದಳು ಅವಳು. ಇಷ್ಟು ವರ್ಷದ ನೌಕರಿಯಲ್ಲಿ ಗಂಡನಿಗೆ ಏನೇನೋ ಅನ್ನುವವರನ್ನು ಕಂಡಿದ್ದೇನೆ, ಅಣ್ಣ ಎನ್ನುವವರನ್ನು ಕಂಡಿಲ್ಲ ಎಂದು ಮೇಡಂ ಮುದ್ರೆ ಒತ್ತಿದರು. ಮದುವೆ ರದ್ದಾಯಿತು. ಹೊರಡುವಾಗ ರಸಮಟ್ಟನಿಗೆ ಒಂದು ಬುದ್ಧಿಮಾತೂ ಹೇಳಿದರು. "ಇನ್ಮೇಲೆ ಯಾರ ಮನೇಲಿ ಕೆಲಸ ಮಾಡಿದ್ರೂ ಊಟ ಹೊರಗೆ ಮಾಡಿ."

ಈಗ ಎರಡು ಮದುವೆ ಬರೆಸಬೇಕಿತ್ತು. ಮೊದಲು ಡ್ರೈವರನದು. ಮೆಟ್ಟಿಲು ಇಳಿಯುವಷ್ಟು ಹೊತ್ತೂ ಹೊಲಿಗೆಯವಳು ಅವನಿಗೆ ಪಾಠ ಹೇಳಿದಳು. "ಮೇಲಿನ ಎಡ ಚೌಕ ನಿಮ್ದು. ಆಕಾಶ ಬಿದ್ರೂ ಅದನ್ನ ಬಿಡ್ಬೇಡಿ." ಹಿಂದೆ ಬರುತ್ತಿದ್ದ ನರ್ಸಮ್ಮ ರಸಮಟ್ಟನಿಗೆ, "ನಿಮ್ಮ ಕೈ ಕೆಳಗಿರ್ಲಿ. ಮೇಲಕ್ಕೆ ಹೋಗ್ಬಾರ್ದು," ಎಂದಳು. ಇಬ್ಬರೂ ಮಗ್ಗಿ ಒಪ್ಪಿಸುವವರ ಹಾಗೆ ಗೊಣಗಿಕೊಂಡೇ ಬಂದರು. ಡ್ರೈವರು ಮೇಲೆ ಹಾಕಿದ. ರಸಮಟ್ಟ ಬೆವರುತ್ತ ಕೆಳಗೆ ಹಾಕಿದ. ನೋಡಿದವರೆಲ್ಲ ಉಸಿರು ಬಿಟ್ಟರು.

ನಾಲ್ಕೂವರೆ ಆಗಿತ್ತು. ಗುಮಾಸ್ತ ಅವಸರದಲ್ಲಿ ಇನ್ನೊಂದು ಕಾಗದ ಮುಂದಿಟ್ಟ. ನರ್ಸಮ್ಮ ತನ್ನ ಸಹಿ ಹಾಕಿ ಫೋಟೋ ಅಂಟಿಸಲು ಪಕ್ಕದ ಕಿಟಕಿಗೆ ಹೋದಳು. ಅಜ್ಜಿ ಒಂದೊಂದೇ ಅಕ್ಷರ ಕೂಡಿಸಿ ತನ್ನದನ್ನು ಬರೆದಳು. ರಸಮಟ್ಟನೂ ಪಾಠ ಗೊಣಗುತ್ತಲೇ ತನ್ನದನ್ನು ಹಾಕಿದ. ಹೊರಗೆ ಯಾರೋ ವ್ಯಾನ್ ತೆಗೀರಿ ಎಂದು ಕೂಗಿದರು. ಡ್ರೈವರು ಓಡಿದ, ಹೊಲಿಗೆಯವಳು ಅವನನ್ನು ಬೈಯುತ್ತ ಹಿಂದೆಯೇ ಹೋದಳು. ಅವನೊಬ್ಬನೇ ಏದುಸಿರು ಬಿಡುತ್ತ ಮರಳಿ ಬಂದು ತನ್ನ ಸಹಿಯನ್ನೂ ಹಾಕಿದ. ಬೆಳಗ್ಗೆಯಿಂದ ಅವೇ ಮುಖ ನೋಡಿ ಯಾರು ಯಾರ ಗಂಡ ಎಂಬುದು ಗುಮಾಸ್ತನಿಗೂ ಮರೆತುಹೋಗಿತ್ತು. ಸಹಿ ನೋಡಿ ಹೆಸರು ಟೈಪು ಮಾಡಿ, ಮಡಿಸಿ ಕೊಟ್ಟು, ಶಟರ್ ಎಳೆದ.

ಐದಕ್ಕೆ ಎರಡು ನಿಮಿಷವಿರುವಾಗ ವ್ಯಾನು ಆಸ್ಪತ್ರೆಯ ಗೇಟಿಗೆ ಅಡ್ಡ ನಿಂತಿತು. ಕ್ವಾರ್ಟರ್ಸಿನ ಮೇಲ್ವಿಚಾರಕ ಪತ್ರ ಓದಿ ಕೀ ತೆಗೆದ. ರಸಮಟ್ಟ ಕೈ ಚಾಚಿದ. ಮೇಲ್ವಿಚಾರಕ ಅವನ ಹೆಸರು ಕೇಳಿದ, ಪತ್ರ ನೋಡಿದ, ಕೀ ಹಿಂದಕ್ಕೆ ಎಳೆದುಕೊಂಡ. ಗಂಡನ ಹೆಸರು ಬೇರೆ ಇದೆಯಲ್ಲ ಎಂದು ಅದನ್ನು ಗಟ್ಟಿಯಾಗಿ ಓದಿದ.

"ಅದು ನಂದು," ಎಂದ ಡ್ರೈವರು.

ನರ್ಸಮ್ಮ ಪತ್ರ ತೆಗೆದುಕೊಂಡು ನೋಡಿದಳು. ತಾನು ಹೇಳಿಕೊಟ್ಟ ಹಾಗೆಯೇ ರಸಮಟ್ಟ ಕೈ ಕೆಳಗಿಟ್ಟಿದ್ದ, ಸಾಕ್ಷಿಯ ಚೌಕದಲ್ಲಿ. ಹೆಂಡತಿ ಹೇಳಿಕೊಟ್ಟ ಹಾಗೆಯೇ ಡ್ರೈವರು ಮೇಲಿನ ಎಡ ಚೌಕ ಬಿಟ್ಟಿರಲಿಲ್ಲ. ಅವನ ಹೆಂಡತಿ ಅವನ ಕಡೆ ತಿರುಗಿ, ಚಿಲಕ ಹಾಕಿದ ಕೂಡಲೇ ಇನ್ನೊಂದು ಮನೆ ಬೇಕಾಯಿತೇ ಎಂದು ಕೇಳಿದಳು.

ಮೇಡಂ ರಜೆ ಹನ್ನೆರಡು ದಿನ, ಅಲ್ಲಿಯವರೆಗೆ ಈ ಮದುವೆ ರದ್ದು ಮಾಡುವವರಿಲ್ಲ. ಮೇಲ್ವಿಚಾರಕನಿಗೆ ಇದಾವುದೂ ಬೇಕಿರಲಿಲ್ಲ. ಕೀಯನ್ನು ಡ್ರೈವರನ ಕೈಗೆ ಹಾಕಿ ರುಜು ಮಾಡಿಸಿಕೊಂಡು ಹೇಳಿದ, "ಮನೆ ಚೆನ್ನಾಗಿದೆ. ಬಚ್ಚಲು, ಅಡುಗೆಮನೆ ನೆಲ ಮಾತ್ರ ಎದ್ದುಹೋಗಿದೆ. ಟೈಲ್ಸ್ ಹಾಕೋರು ಗೊತ್ತಿದ್ರೆ ನಾಳೆಯಿಂದ್ಲೇ ಕಳ್ಸಿ."

ರಸಮಟ್ಟನ ಕೈ ತಾನಾಗಿ ಜೇಬಿನ ಕೊಳವೆಯ ಮೇಲೆ ಹೋಯಿತು.

"ಎಷ್ಟು ದಿನದ ಕೆಲಸ?" ಎಂದು ಕೇಳಿದಳು ನರ್ಸಮ್ಮ.

ಎರಡು ದಿನ ಎನ್ನಲು ಹೋದ. ಬಿಕ್ಕಳಿಕೆ ಬಂತು.

"ಹನ್ನೊಂದು."

"ಬನ್ನಿ," ಎಂದಳು ಅವಳು. "ಊಟ ಹೊರಗೆ."