ಕೌಂಟರಿನ ಹಿಂದಿನ ದಂಡ

ಗಂಡಸಿನ ಮರ್ಯಾದೆ ಮೀಸೆಯಲ್ಲಿದೆ ಎನ್ನುವವರು ಯಾರೂ ಗ್ಯಾಸ್ ಸಿಲಿಂಡರ್ ಹೊತ್ತವರಲ್ಲ. ನಮ್ಮ ಮನೆ ಇರುವುದು ಗುಡ್ಡದ ಮೇಲೆ. ಗ್ಯಾಸಿನವನು ಕೆಳಗೆ ರಸ್ತೆಬದಿಯಲ್ಲೇ ಸಿಲಿಂಡರ್ ಇಳಿಸಿ ಹೋಗುತ್ತಾನೆ. ಇಷ್ಟು ವರ್ಷ ಅದನ್ನು ಹೆಗಲಿಗೇರಿಸಿ ತರುತ್ತಿದ್ದವನು ನಾನು. ಒಮ್ಮೆ ಅರ್ಧ ದಾರಿಯಲ್ಲಿ ಸುಧಾರಿಸಿಕೊಳ್ಳಲು ಕುಳಿತದ್ದೇ ತಪ್ಪಾಯಿತು. ಮುಂದಿನ ಸಲ ಹೆಂಡತಿ ಸರೋಜ ನನ್ನನ್ನು ಕೇಳದೆಯೇ ಪಕ್ಕದ ಮನೆಯ ಚಂದ್ರಶೇಖರನನ್ನು ಕರೆದಳು. ಅವನು ಬಂದ, ಎತ್ತಿದ, ನನ್ನ ಕಡೆ ನೋಡಿ ನಕ್ಕ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ಸುಬ್ರಹ್ಮಣ್ಯದಲ್ಲಿ ಲಾಡ್ಜಿನ ಕೌಂಟರಿನಲ್ಲಿ ಕೂರುವವನಿಗೆ ಜಿಮ್ಮಿಗೆ ಹೋಗಲು ಪುರುಸೊತ್ತೆಲ್ಲಿ? ಬಸ್ಸು ಬಂದರೆ ರೂಮು ಕೊಡಬೇಕು, ಹೋದರೆ ಬಿಸಿನೀರು ಬರಲಿಲ್ಲವೆಂಬ ದೂರು ಕೇಳಬೇಕು. ಕಡಬದ ಶಾಲೆಯೊಂದರಲ್ಲಿ ವ್ಯಾಯಾಮದ ಮಾಸ್ಟ್ರಾಗಿರುವ ಸರೋಜಳ ತಮ್ಮ ಉಪಾಯ ಹೇಳಿದ: "ಒಟ್ಟಿಗೆ ಒಂದು ಗಂಟೆ ಮಾಡುದು ಎಂತಕ್ಕೆ ಭಾವ? ಎರಡು ಬಸ್ಸಿನ ನಡುವೆ ನಾಲ್ಕು ದಂಡ ಹೊಡೀರಿ. ಆಗಾಗ ಮಾಡ್ತಾ ಇದ್ರೆ ಇದ್ದ ಮಾಂಸಖಂಡ ಉಳೀತದೆ. ಮೀನು, ಮೊಟ್ಟೆ ಮಾತ್ರ ಬಿಡ್ಬೇಡಿ."

ಹಠ ಹಿಡಿದು ಹೊಡೆದೆ. ಕೌಂಟರಿನ ಹಿಂದೆ ಹಳೆಯ ಪೇಪರು ಹಾಸಿ, ಬಸ್ಸು ಹೋದ ಕೂಡಲೇ ಬೀಳುವುದು, ಏಳುವುದು. ನನ್ನ ಗ್ರಹಚಾರಕ್ಕೆ ಆ ಇಕ್ಕಟ್ಟಿನಲ್ಲಿ ತಲೆ ದೇವಸ್ಥಾನದ ದಿಕ್ಕಿಗೇ ಬರುತ್ತಿತ್ತು. ಒಂದು ಬೆಳಿಗ್ಗೆ ಏದುಸಿರು ಬಿಡುತ್ತಾ ಎದ್ದಾಗ, ರೂಮಿನ ಕೀ ಕೊಡಲು ಬಂದ ಅಜ್ಜಿಯೊಬ್ಬರು ಕೌಂಟರಿನ ಮೇಲಿಂದ ಬಗ್ಗಿ ನೋಡುತ್ತಿದ್ದರು. ಯಾವ ಸೇವೆ ಎಂದು ಕೇಳಿದರು. ನನ್ನ ಬಾಯಿಂದ ದಂಡ ಎಂಬುದಷ್ಟೇ ಹೊರಬಿತ್ತು. ದೀರ್ಘದಂಡ ನಮಸ್ಕಾರವೆಂದು ತಿಳಿದು ಅವರು ಕೈಮುಗಿದರು. ಅಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇನ್ನೊಂದು ಬಸ್ಸು ಬಂತು.

ಹೂವಿನ ಅಂಗಡಿಯ ದಾರಿಯಾಗಿ ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತು. ಸಂಜೆ ಸರೋಜ ಚಹಾದ ಲೋಟವನ್ನು ಕುಕ್ಕದೆ ಮೆಲ್ಲನೆ ಇಟ್ಟಳು. "ನಿಮ್ಮಲ್ಲಿ ಇಷ್ಟು ಭಕ್ತಿ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ ಮಾರಾಯ್ರೆ," ಎಂದಳು. ನಿಜ ಹೇಳಬೇಕಿತ್ತು. ಆದರೆ ಮದುವೆಯಾದಂದಿನಿಂದ ಆ ದನಿಯನ್ನು ನಾನು ಕೇಳಿಯೇ ಇರಲಿಲ್ಲ, ಆಸೆಯಾಯಿತು, ಚಹಾದ ಲೋಟ ಎತ್ತಿಕೊಂಡೆ. ರಾತ್ರಿ ಬಟ್ಟಲಿಗೆ ಸೌತೆಕಾಯಿ ಹುಳಿ ಬಿತ್ತು. ಬಂಗುಡೆ ಎಲ್ಲಿ ಎಂದರೆ, ಸೇವೆ ಮುಗಿಯುವ ತನಕ ಮೀನು, ಮೊಟ್ಟೆ ಒಲೆಯ ಹತ್ತಿರ ಬರುವುದಿಲ್ಲವಂತೆ.

ಹೀಗೆ ಸೌತೆಕಾಯಿಯ ಬಲದಲ್ಲೇ ದಂಡ ಹೊಡೆಯುತ್ತಾ ಸಿಲಿಂಡರಿಗೆ ಕಾದೆ. ತೋಳು ಸ್ವಲ್ಪ ಗಟ್ಟಿಯಾಗಿತ್ತು. ಅದು ಗೊತ್ತಿದ್ದದ್ದು ನನಗೂ ಕನ್ನಡಿಗೂ ಮಾತ್ರ. ಕೊನೆಗೊಂದು ದಿನ ಗ್ಯಾಸಿನ ಗಾಡಿಯ ಹಾರ್ನ್ ಕೇಳಿತು. ಪಂಚೆ ಎತ್ತಿ ಕಟ್ಟಿ ಇಳಿದೆ, ಸಿಲಿಂಡರನ್ನು ಹೆಗಲಿಗೇರಿಸಿಯೂ ಬಿಟ್ಟೆ. ಚಂದ್ರಶೇಖರ ಅಂಗಳದಿಂದ ನೋಡುತ್ತಿದ್ದ. ಸರೋಜ ಗಾಬರಿಯಿಂದ ಓಡಿ ಬಂದಳು.

"ಕೆಳಗೆ ಇಡಿ. ಸೇವೆಯಲ್ಲಿ ಇರುವವರು ಭಾರ ಹೊರುದು ಉಂಟಾ? ಚಂದ್ರಣ್ಣ ಇದ್ದಾರಲ್ಲ."

ಅವನು ಬಂದ, ಎತ್ತಿದ. ಈ ಸಲ ನಗಲಿಲ್ಲ. ಸಿಲಿಂಡರನ್ನು ಅಡುಗೆಮನೆಯಲ್ಲಿಳಿಸಿ ಬಂದು ನನ್ನ ಕಾಲು ಮುಟ್ಟಿದ. ಅವನ ಕೈ ಮೀನು ನಾರುತ್ತಿತ್ತು. ನಾನು ಕೈಯೆತ್ತಿ ಆಶೀರ್ವದಿಸಿದೆ. ಹೊಡೆದ ದಂಡವೆಲ್ಲ ದಂಡವಾಯಿತು ಎನ್ನುವ ಹಾಗಿಲ್ಲ. ಕೈ ಸಲೀಸಾಗಿ ಮೇಲೇರಿತು.