ಬಿಯರ್ ಹಬ್ಬದಲ್ಲಿ ಬಿಸಿಬೇಳೆ ಭಾತ್

ನನ್ನ ಅಕ್ಷರ ಚೆನ್ನಾಗಿಲ್ಲ. ಪದಗಳೂ ನನ್ನ ಬಳಿ ಹೆಚ್ಚಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಮೊದಲ ಬಾರಿಗೆ ಬರೆಯಲು ಕುಳಿತರೆ ಓದುವವರಿಗೆ ಸ್ವಲ್ಪ ತೊಂದರೆಯಾದೀತು. ಅದಕ್ಕಾಗಿ ಮೊದಲೇ ಕ್ಷಮೆ ಕೇಳುತ್ತೇನೆ. ನಾಲ್ಕು ಜನರೆದುರು ಬಾಯಿ ತೆರೆಯಲು ನಾಚುವ ನನಗೆ ಕಾಗದದ ಮುಂದೆಯೂ ಅದೇ ನಾಚಿಕೆ. ಆದರೆ ಪಾತ್ರೆಗಳನ್ನು ಹೊತ್ತು ಊರೂರು ತಿರುಗುವ ನಮ್ಮಂಥವರ ಬದುಕಿನಲ್ಲಿ ನಗುವ ಪ್ರಸಂಗಗಳು ಒಲೆಯ ಮೇಲಿನ ಹಾಲಿನಂತೆ, ನಾವು ಅತ್ತ ತಿರುಗಿದಾಗಲೆಲ್ಲ ಉಕ್ಕುತ್ತಲೇ ಇರುತ್ತವೆ.

ಹ್ಯೂಸ್ಟನ್ನಿನ ಪಕ್ಕದ ಕೇಟಿ ಎಂಬ ಊರಿನಲ್ಲಿ ಹುಬ್ಬಳ್ಳಿ ಕಡೆಯ ಅಕ್ಕನೊಬ್ಬರು ಮದುವೆ, ನಾಮಕರಣಗಳಿಗೆ ಅಡುಗೆ ಮಾಡಿಕೊಡುತ್ತಾರೆ. ನಾನು ಅವರ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಆಸ್ಟಿನ್ನಿನಿಂದ ಸ್ವಲ್ಪ ದೂರದ ಒಂದು ಊರಿನಲ್ಲಿ, ಜರ್ಮನಿಯಿಂದ ಬಂದವರ ವಂಶಸ್ಥರು ಶರತ್ಕಾಲದಲ್ಲಿ ದೊಡ್ಡ ಬಿಯರ್ ಹಬ್ಬ ಮಾಡುತ್ತಾರೆ. ಹಿಂದೆ ಅಲ್ಲಿ ಬಿಯರ್, ಸಾಸೇಜು, ವಾದ್ಯ ಇಷ್ಟೇ ಇದ್ದವಂತೆ. ಈಗ ಊರಿನ ಸುತ್ತ ನಮ್ಮ ದೇಶದವರ ಮನೆಗಳೂ ತುಂಬಿವೆ. ಆದ್ದರಿಂದ ಸಮಿತಿಯವರು ಕಳೆದ ವರ್ಷ ನಮ್ಮ ಅಡುಗೆಗೂ ಒಂದು ಮಳಿಗೆ ಕೊಟ್ಟರು, ಪರೀಕ್ಷೆಗೆಂದು. ಜನ ಮೆಚ್ಚಿದರೆ ಪ್ರತಿವರ್ಷ ಜಾಗ. ಇಲ್ಲದಿದ್ದರೆ ಅಷ್ಟಕ್ಕೇ ಮುಕ್ತಾಯ.

ಅಕ್ಕ ನನಗೆ ಹೇಳಿದ್ದರು: "ಜಾಗಾ ಕಾಯಂ ಆತು ಅಂದ್ರ ಆ ಮಳಿಗಿ ನಿಂದವಾ. ನೀನ ಯಜಮಾನ್ತಿ."

ಜೀವಮಾನವೆಲ್ಲ ಇನ್ನೊಬ್ಬರ ಒಲೆಯ ಮುಂದೆ ನಿಂತವಳಿಗೆ ಆ ಮಾತು ಎಷ್ಟು ದೊಡ್ಡದೆಂದು ಬರೆಯಲು ನನಗೆ ಬಾರದು.

ಸೆರಗಿನ ಮರೆ

ಅಕ್ಕನ ಅತ್ತೆಯವರು ನಮ್ಮೊಡನೆ ಬಂದರು. "ಕುಡಿಯೋ ಜಾಗಾಕ್ಕ ಹೆಣ್ಮಕ್ಕಳನ್ನಷ್ಟ ಕಳಸೂದೇನು?" ಎಂಬುದು ಅವರ ವಾದ. ಹಬ್ಬದ ಡೇರೆಯೊಳಗೆ ಕಾಲಿಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಆದರೆ ನಮ್ಮ ಪಕ್ಕದ ಮಳಿಗೆಯಲ್ಲಿ ಕುಳಿತಿದ್ದವರು ಸೇಬಿನ ಕಡುಬು ಮಾರುವ ಒಬ್ಬ ಅಜ್ಜಿ. ಆಕೆ ಒಂದು ಕುರ್ಚಿ ಎಳೆದು ಕೊಟ್ಟರು. ಸ್ವಲ್ಪ ಹೊತ್ತಿಗೆ ಸೆರಗು ಮೂಗಿನಿಂದ ಹೆಗಲಿಗೆ ಇಳಿಯಿತು.

ಆ ಅಜ್ಜಿ ಇಂಗ್ಲಿಷಿನಲ್ಲಿ ದೂರು ಹೇಳುತ್ತಿದ್ದರು: ಮೊದಲು ಹಬ್ಬ ಹೀಗಿರಲಿಲ್ಲ, ಈಗ ಎಲ್ಲಿ ನೋಡಿದರೂ ಮಕ್ಕಳ ತಳ್ಳುಗಾಡಿ, ನಾಯಿ, ಫೋಟೋ. ನಮ್ಮ ಅತ್ತೆಯವರು ಕನ್ನಡದಲ್ಲಿ, "ಹೌದ್ ನೋಡ್ರಿ, ನಮ್ಮಲ್ಲೂ ಹಂಗ ಆಗೇತಿ," ಎಂದು ತಲೆದೂಗುತ್ತಿದ್ದರು. ಬಹಳ ಹೊತ್ತು ಹೀಗೆಯೇ ನಡೆಯಿತು.

ಅಕ್ಕ ಬಂದು ಕೇಳಿದರು: "ಅತ್ತಿ, ಆಕಿ ಮಾತು ನಿಮಗೇನ್ ತಿಳೀತು?"

"ಮಾತು ತಿಳೀಲಿಲ್ಲ. ಆದ್ರ ಸೊಸಿ ಕಾಟ ಇದ್ದೋರ ಮಾರಿ ನಂಗ ತಿಳೀತೈತಿ!"

ಅಕ್ಕ ಸೌಟನ್ನು ಸ್ವಲ್ಪ ಜೋರಾಗಿಯೇ ತಿರುವಿದರು.

ಮಾವ ಮತ್ತು ಅಳಿಯ

ಆ ಹಬ್ಬದಲ್ಲಿ ಒಂದು ಸಂಪ್ರದಾಯವುಂಟು. ಸಮಿತಿಯ ಹಿರಿಯರೊಬ್ಬರು ಮಧ್ಯಾಹ್ನ ಮರದ ಸುತ್ತಿಗೆಯಿಂದ ಪೀಪಾಯಿಗೆ ನಲ್ಲಿ ಬಡಿದು ತೆರೆಯಬೇಕು. ಅಲ್ಲಿಯವರೆಗೆ ಯಾರಿಗೂ ಒಂದು ತೊಟ್ಟು ಬಿಯರ್ ಇಲ್ಲ. ಈಚಿನ ವರ್ಷಗಳಲ್ಲಿ ಮಾತ್ರ, ಮಕ್ಕಳೊಂದಿಗರಾದ ಕುಟುಂಬಗಳಿಗೆಂದು ಅಮಲಿಲ್ಲದ ಬಿಯರ್ ಮಾರುವ ಒಂದು ಕಟ್ಟೆಯನ್ನು ಬೆಳಿಗ್ಗೆಯೇ ತೆರೆಯುತ್ತಾರೆ. ಹೊಸಬರಿಗೆ ಇದು ತಿಳಿದಿರುವುದಿಲ್ಲ.

ಬೆಳಿಗ್ಗೆಯೇ ಒಬ್ಬ ತರುಣ ದೊಡ್ಡ ಮಗ್ ಹಿಡಿದು ಓಡಿಬಂದ. "ಆಂಟಿ, ಪ್ಲೀಸ್, ಇದನ್ನ ನಿಮ್ಮ ಪಾತ್ರೆ ಹಿಂದೆ ಇಟ್ಕೊಳ್ಳಿ. ನಮ್ಮ ಮಾವ ಮೈಸೂರಿಂದ ಬಂದಿದ್ದಾರೆ. ತುಂಬಾ ಸ್ಟ್ರಿಕ್ಟು."

ಇಟ್ಟುಕೊಂಡೆ. ಆತ ಹೋದ ಮೇಲೆ ಇನ್ನೊಂದು ಬದಿಯಿಂದ ಹಿರಿಯರೊಬ್ಬರು ಮೆಲ್ಲಗೆ ಬಂದರು. ಅವರ ಕೈಯಲ್ಲೂ ಅಂಥದೇ ಮಗ್. "ಏನಮ್ಮಾ, ಇದನ್ನ ಸ್ವಲ್ಪ ಮರೆಯಾಗಿಡ್ತೀಯಾ? ಅಳಿಯಂದಿರು ನೋಡಿದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅದನ್ನೂ ಇಟ್ಟುಕೊಂಡೆ. ಆಮೇಲೆ ಇಬ್ಬರೂ ಸರದಿಯಂತೆ ಬಂದು, ನಮ್ಮ ಪಾತ್ರೆಯ ಹಿಂದೆ ಬಗ್ಗಿ, ಒಂದೊಂದು ಗುಟುಕು ಕುಡಿದು ಹೋಗುತ್ತಿದ್ದರು. ಕೊನೆಗೆ ಮಾವನವರು ಡೇರೆಯ ಕಂಬವನ್ನು ಅಪ್ಪಿಕೊಂಡು, "ಭೂಮಿ ಯಾಕೋ ತಿರುಗ್ತಾ ಇದೆಯಮ್ಮಾ," ಎಂದರು. ಅವರನ್ನು ಹಿಡಿದುಕೊಳ್ಳಲು ಬಂದ ಅಳಿಯನೂ ಓಲಾಡುತ್ತಿದ್ದ.

ಅಕ್ಕ ಪೀಪಾಯಿಯ ಕಡೆ ನೋಡಿದರು. ಅದಕ್ಕೆ ಹಾಕಿದ ಹೂವಿನ ಹಾರ ಹಾಗೆಯೇ ಇತ್ತು.

"ಬರೇ ಜವೆಗೋಧಿ ನೀರು ಕುಡದು ಇಷ್ಟು ತೂರಾಡ್ತಾರಲ್ಲವಾ," ಎಂದರು ಅಕ್ಕ, "ಖರೇ ಬಿಯರ್ ಕುಡದಿದ್ರ ಇವರನ್ನ ಮನಿಗೆ ಹೊತ್ಕೊಂಡು ಹೋಗೋರು ಯಾರು?"

ಚರ್ಮದ ಚಡ್ಡಿ

ಡಲ್ಲಾಸಿನಿಂದ ನಮ್ಮ ಕನ್ನಡದ ಹುಡುಗರ ಗುಂಪೊಂದು ಬಂದಿತ್ತು. ಎಲ್ಲರೂ ಜರ್ಮನರ ಹಳೆಯ ಉಡುಪಾದ ಚರ್ಮದ ಮೊಣಕಾಲು ಚಡ್ಡಿ ತೊಟ್ಟಿದ್ದರು. ಅವರಲ್ಲಿ ಒಬ್ಬನದು ಎಷ್ಟು ಬಿಗಿಯಾಗಿತ್ತೆಂದರೆ ಅವನಿಗೆ ಕೂರಲು ಸಾಧ್ಯವೇ ಇರಲಿಲ್ಲ. "ಸೈಜು ತಪ್ಪಾಗಿ ಆರ್ಡರ್ ಮಾಡ್ಬಿಟ್ಟೆ ಆಂಟಿ," ಎನ್ನುತ್ತ ಕಂಬದಂತೆ ನಿಂತೇ ತಿಂದ.

ಅಷ್ಟರಲ್ಲಿ ತುತ್ತೂರಿ ಊದುವ ಸ್ಥಳೀಯ ಮುದುಕರೊಬ್ಬರು ಬಂದರು. ಅವರು ತೊಟ್ಟಿದ್ದುದು ಸಡಿಲವಾದ ಹತ್ತಿಯ ಪ್ಯಾಂಟು. ಹುಡುಗನಿಗೆ ಆಶ್ಚರ್ಯವಾಯಿತು. "ನೀವೇಕೆ ನಿಮ್ಮ ಸಂಪ್ರದಾಯದ ಉಡುಪು ಹಾಕಿಲ್ಲ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

ಮುದುಕರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಹೇಳಿದರು: "ಸಂಪ್ರದಾಯ ಕಾಪಾಡಲು ನೀವು ಬಂದಿದ್ದೀರಲ್ಲ, ನಾನಿನ್ನು ಉಸಿರಾಡುತ್ತೇನೆ."

ಪಂಕ್ತಿ

ಇಷ್ಟೆಲ್ಲ ನಗು ನಡೆದರೂ ವ್ಯಾಪಾರ ಮಾತ್ರ ನಡೆದಿರಲಿಲ್ಲ. ಜನ ನಮ್ಮ ಪಾತ್ರೆಯನ್ನು ಇಣುಕಿ ನೋಡಿ, ಮುಗುಳ್ನಕ್ಕು, ಸಾಸೇಜಿನ ಸರದಿಗೆ ಹೋಗಿಬಿಡುತ್ತಿದ್ದರು. ನಮ್ಮ ಹುಡುಗರು ತಿಂದದ್ದು ಬಿಟ್ಟರೆ ಮಾಡಿದ್ದ ಬಿಸಿಬೇಳೆ ಭಾತ್ ಹಾಗೆಯೇ ಉಳಿದಿತ್ತು. ನನ್ನ ಮಳಿಗೆ ಹುಟ್ಟುವ ಮೊದಲೇ ಮುಚ್ಚಿತೆಂದುಕೊಂಡೆ. ಅಕ್ಕ ಮೊಸರನ್ನದ ಪಾತ್ರೆ ತರಲು ದೂರದಲ್ಲಿ ನಿಲ್ಲಿಸಿದ್ದ ಕಾರಿಗೆ ಹೋಗಿದ್ದರು. ಗಿರಾಕಿಗಳನ್ನು ಕೂಗಿ ಕರೆಯಲು ನನಗೆ ಬಾಯಿಯಿಲ್ಲ.

ಆಗ ಡೇರೆಯ ಮಧ್ಯದ ಉದ್ದನೆಯ ಮೇಜು ಕಣ್ಣಿಗೆ ಬಿತ್ತು. ಅದರ ಎರಡು ಬದಿಯ ಬೆಂಚುಗಳ ಮೇಲೆ ಪೀಪಾಯಿ ತೆರೆಯುವುದನ್ನು ಕಾಯುತ್ತ ಜನ ಸಾಲಾಗಿ ಕುಳಿತಿದ್ದರು, ಮುಂದೆ ಏನೂ ಇಲ್ಲ. ಸಾಲಾಗಿ ಕುಳಿತವರ ಮುಂದೆ ಊಟವಿಲ್ಲದಿದ್ದರೆ ನನ್ನಿಂದ ನೋಡಲಾಗದು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಕೆಟ್ಟು, ಸೌಟು, ತಟ್ಟೆಗಳೊಂದಿಗೆ ಹೊರಟು, ಒಂದು ತುದಿಯಿಂದ ಬಡಿಸುತ್ತ ಬಂದೆ. ರುಚಿ ನೋಡಲು ಕೊಡಬಹುದೆಂದು ನಿಯಮವಿತ್ತು. ಆದರೆ ಮಳಿಗೆಯ ಮುಂದೆ, ಚಿಕ್ಕ ಚಮಚದಲ್ಲಿ. ನಮ್ಮಲ್ಲಿ ರುಚಿ ನೋಡುವುದೆಂದರೆ ತುಂಬಿದ ಸೌಟಲ್ಲವೇ?

ಅರ್ಧ ಸಾಲು ಮುಗಿದಾಗ ಎದುರಿಗೆ ಸಮಿತಿಯ ಹಿರಿಯರು ಬಂದು ನಿಂತರು, ಕೈಯಲ್ಲಿ ಮರದ ಸುತ್ತಿಗೆ. "ಮೇಡಮ್, ನಿಯಮದ ಪ್ರಕಾರ..." ಎಂದು ಆರಂಭಿಸಿದರು. ಭಯದಲ್ಲಿ ನನಗೆ ನೆನಪಾದ ಇಂಗ್ಲಿಷು ಒಂದೇ: "ಸಿಟ್, ಸಿಟ್." ಮರ್ಯಾದಸ್ಥರು, ಕುಳಿತರು. ಬಡಿಸಿದೆ. ಒಂದು ತುತ್ತು ತಿಂದರು. ಮತ್ತೆ ಬಾಯಿ ತೆರೆದರು, ಮತ್ತೆ ಬಡಿಸಿದೆ. ತಟ್ಟೆಗೆ ಕೈ ಅಡ್ಡ ಹಿಡಿದರೆ ಸಾಕೆಂದು ಅರ್ಥ, ಪಾಪ ಅವರಿಗೆ ಹೇಳಿಕೊಟ್ಟವರು ಯಾರು?

ಮೂರನೆಯ ಸಲಕ್ಕೆ ಅವರು ಏಳಲು ಹೋದಾಗ ಪಕ್ಕದಲ್ಲಿ ಉಣ್ಣುತ್ತಿದ್ದ, ಕೇಟಿಯಲ್ಲಿ ನಮಗೆ ಪರಿಚಯವಿದ್ದ ನಿವೃತ್ತ ಡಾಕ್ಟರ್ ಅಂಕಲ್, ಹಿರಿಯರ ತೋಳು ಹಿಡಿದರು. "ಕೂತ್ಕೊಳ್ಳಿ. ಸಾಲಿನಲ್ಲಿ ಕಡೆಯವರು ಮುಗಿಸುವ ತನಕ ಯಾರೂ ಏಳುವಂತಿಲ್ಲ. ಎದ್ದರೆ ಬಡಿಸಿದವರಿಗೆ ಅವಮಾನ," ಎಂದು ಇಂಗ್ಲಿಷಿನಲ್ಲಿ ವಿವರಿಸಿದರು.

ಹಿರಿಯರು ನನ್ನ ಮುಖ ನೋಡಿ ಕುಳಿತರು.

ತೊಂದರೆಯೆಂದರೆ, ಆ ಸಾಲಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ತಿನ್ನುವವರು ಡಾಕ್ಟರ್ ಅಂಕಲ್ಲೇ. ಒಂದೊಂದು ತುತ್ತನ್ನೂ ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಅತ್ತ ಪೀಪಾಯಿಯ ಮುಂದೆ ಜನ ಮಗ್‌ಗಳನ್ನು ಕುಟ್ಟತೊಡಗಿದರು. ವಾದ್ಯದವರು ಬಾರಿಸಿದ್ದನ್ನೇ ಬಾರಿಸಿದರು. ಕಾದು ಹಸಿದ ಜನ ಇಲ್ಲೇನು ನಡೆಯುತ್ತಿದೆಯೆಂದು ನೋಡಲು ಬಂದು, ಬೆಂಚಿನ ತುದಿಯಲ್ಲಿ ತಾವೂ ಕುಳಿತು, ತಟ್ಟೆ ಕೇಳಿದರು. ಕುಳಿತವರಿಗೆ ಬಡಿಸದಿರಲು ಸಾಧ್ಯವೇ? ಅವರಿಗೂ ಬಡಿಸಿದೆ. ಸಾಲು ಬೆಳೆಯಿತು. ಸಾಲು ಬೆಳೆದಷ್ಟೂ ಹಿರಿಯರು ಏಳುವುದು ದೂರವಾಯಿತು. ತಂದ ಭಾತೆಲ್ಲ ಮುಗಿದು ಪಾತ್ರೆಯ ತಳ ಕಂಡಿತು.

ಕೊನೆಗೆ ಎಲ್ಲರೂ ಮುಗಿಸಿದರು. ಹಿರಿಯರು ಸುತ್ತಿಗೆ ಎತ್ತಿಕೊಂಡರು. ಅದೇ ಗಳಿಗೆಗೆ ಅಕ್ಕ ಪಾತ್ರೆ ಹಿಡಿದು ಬಂದರು. ಡಾಕ್ಟರ್ ಅಂಕಲ್ ಅವರ ಕಣ್ಣು ಅರಳಿತು.

"ಓಹೋ, ಮೊಸರನ್ನ ಬಾಕಿ ಇದೆ!"

ಹಿರಿಯರು ಸುತ್ತಿಗೆಯನ್ನು ಮತ್ತೆ ಮೇಜಿನ ಮೇಲಿಟ್ಟರು.

ಅಂತೂ ಅಂಕಲ್ ಕಡೆಯ ತುತ್ತು ನುಂಗಿ, ಕೈ ಒರೆಸಿಕೊಂಡು, "ಅನ್ನದಾತಾ ಸುಖೀಭವ" ಎಂದ ಮೇಲೆ ಸಾಲಿಗೆ ಸಾಲೇ ಎದ್ದಿತು. ಹಿರಿಯರು ಓಡಿಹೋಗಿ ಪೀಪಾಯಿಗೆ ಬಡಿದರು. ಡೇರೆಯೇ ಹಾರುವಂತೆ ಜನ ಕೂಗಿದರು. ಅವರು ಮೈಕು ಹಿಡಿದು ನನ್ನತ್ತ ಕೈ ತೋರಿಸಿದಾಗ ನಾನು ಅಕ್ಕನ ಬೆನ್ನ ಹಿಂದೆ ನಿಂತೆ.

"ಈಚೆಗೆ ಇಲ್ಲಿ ಜನ ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ," ಎಂದರು ಅವರು. "ಪರಿಚಯವಿಲ್ಲದವರು ಒಂದೇ ಮೇಜಿನಲ್ಲಿ ಇಷ್ಟು ಹೊತ್ತು ಕುಳಿತದ್ದನ್ನು ನಾನು ನೋಡಿದ್ದು ನನ್ನ ತಂದೆಯ ಕಾಲದಲ್ಲಿ. ಈ ಮಹಿಳೆಗೆ ಪ್ರತಿವರ್ಷವೂ ಇಲ್ಲಿ ಜಾಗ ಉಂಟು. ಒಂದೇ ಷರತ್ತು."

ಸುತ್ತಿಗೆಯನ್ನು ಡಾಕ್ಟರ್ ಅಂಕಲ್ ಕಡೆ ತೋರಿಸಿದರು.

"ಡಾಕ್ಟರು ಹಿಂದಿನ ದಿನವೇ ಬಂದು ಊಟ ಆರಂಭಿಸಬೇಕು."

ಇದನ್ನು ಓದಿದವರು ನನ್ನ ತಪ್ಪುಗಳನ್ನು ದಯವಿಟ್ಟು ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.